ಕೇಶವವರ್ಣಿಯ ‘ಸೂಕ್ಷ್ಮ’ವೂ ನಮ್ಮ ಸೂಕ್ಷ್ಮಜೀವಿಯೂ

ಬ್ಯಾಕ್ಟೀರಿಯ, ಯೀಸ್ಟ್, ಅಮೀಬಾ ಮೊದಲಾದವುಗಳನ್ನು ನಾವಿಂದು ‘ಸೂಕ್ಷ್ಮಜೀವಿ’ಗಳೆಂದು ಕರೆಯುತ್ತೇವೆ. ಜೀವಿಗಳ ವರ್ಗೀಕರಣದಲ್ಲಿ ‘ಸೂಕ್ಷ್ಮ’ ಎಂಬ ವಿಶೇಷಣ ಕನ್ನಡಕ್ಕೆ ಹೊಸತಲ್ಲ. ಹತ್ತನೆಯ ಶತಮಾನದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ಪ್ರಾಕೃತದಲ್ಲಿ ರಚಿಸಿದ ‘ಗೊಮ್ಮಟಸಾರ’ಕ್ಕೆ ಕೇಶವವರ್ಣಿಯು ಕ್ರಿ.ಶ. 1359ರಲ್ಲಿ ಬರೆದ ಕನ್ನಡ ವೃತ್ತಿಯ ಜೀವಕಾಂಡದಲ್ಲಿ ಅದು ಪಾರಿಭಾಷಿಕ ಪದ. ಶಬ್ದ ಒಂದೇ ಆದುದರಿಂದ ಅರ್ಥವೂ ಒಂದೇ ಎಂದು ಭಾವಿಸಿ, ಜೈನಾಚಾರ್ಯರು ಬ್ಯಾಕ್ಟೀರಿಯಗಳನ್ನು ಅರಿತಿದ್ದರೆನ್ನುವವರುಂಟು. ಈ ಮಾತು ಪರಿಶೀಲನೆಗೆ ನಿಲ್ಲುವಂತಹುದಲ್ಲ.

ಜೀವಕಾಂಡದ ವಿಭಜನೆಗೆ ಇಂದ್ರಿಯಗಳ ಸಂಖ್ಯೆ ಒಂದು ಮುಖ್ಯ ಆಧಾರ. ಸ್ಪರ್ಶವೊಂದನ್ನೇ ಉಳ್ಳ ಏಕೇಂದ್ರಿಯಗಳು ಪೃಥ್ವಿ, ಅಪ್, ತೇಜ, ವಾಯು, ವನಸ್ಪತಿ ಎಂದು ಐದು ಬಗೆ. ವನಸ್ಪತಿಯಲ್ಲಿ ಮತ್ತೆ ಪ್ರತ್ಯೇಕ, ಸಾಧಾರಣ ಎಂಬ ಭೇದ. ಒಂದೇ ಶರೀರದಲ್ಲಿ ಅನಂತ ಜೀವಗಳು ನೆಲಸಿ, ಆಹಾರವೂ ಉಸಿರೂ ಅವಕ್ಕೆಲ್ಲ ಒಂದೇ ಆಗಿರುವುದು ಸಾಧಾರಣ, ಇದೇ ನಿಗೋದ. ಇದರಲ್ಲಿ ಬಾದರವೂ ಉಂಟು, ಸೂಕ್ಷ್ಮವೂ ಉಂಟು. ಆದರೆ ಇಲ್ಲಿ ಸೂಕ್ಷ್ಮವೆಂದರೆ ಅಳತೆಯಲ್ಲಿ ಕಿರಿದು ಎಂದಷ್ಟೇ ಅಲ್ಲ. ಯಾವುದರಿಂದಲೂ ತಡೆಯಲ್ಪಡದ, ತಾನೂ ಯಾವುದನ್ನೂ ತಡೆಯದ ಶರೀರ ಅದು. ಅದಕ್ಕೆ ಕಾರಣ ನಾಮಕರ್ಮ. ಬ್ಯಾಕ್ಟೀರಿಯವಾದರೋ ಪಿಂಗಾಣಿಯ ಶೋಧಕದಲ್ಲಿ ಸಿಕ್ಕಿಬೀಳುತ್ತದೆ, ಮಸೂರದಡಿ ಕಣ್ಣಿಗೆ ಬೀಳುತ್ತದೆ. ಶಾಸ್ತ್ರದ ಲಕ್ಷಣವನ್ನೇ ಹಿಡಿದರೆ ಅದು ಸೂಕ್ಷ್ಮವೇ ಅಲ್ಲ!

ಹೋಲಿಕೆ ಇರುವುದು ಬೇರೊಂದೆಡೆ. ಕಾಣದುದನ್ನು ಎಲ್ಲಿ ಸೇರಿಸಬೇಕೆಂಬ ತೊಡಕು ಎರಡೂ ಕಡೆ ಉಂಟು. ಡೆಲ್ಫ್ಟ್ ನಗರದ ಲೀವೆನ್‌ಹುಕ್ 1676ರ ಪತ್ರದಲ್ಲಿ ವರ್ಣಿಸಿದಂತಹ ಕಿರುಜೀವಿಗಳಲ್ಲಿ ಹಲವನ್ನು ಲಿನೇಯಸ್ 1767ರಲ್ಲಿ ಹುಳುಗಳ ವರ್ಗದೊಳಗೆ ‘ಕೇಯಾಸ್’ ಎಂಬ ಹೆಸರಿನಡಿ ತುರುಕಿದನು. ಹೆಸರೇ ಅವನ ಗೊಂದಲವನ್ನು ಹೇಳುತ್ತದೆ. ಹೆಕೆಲ್ 1866ರಲ್ಲಿ ‘ಪ್ರೊಟಿಸ್ಟ’ ಎಂಬ ಮೂರನೆಯ ಸಾಮ್ರಾಜ್ಯವನ್ನು ಕಲ್ಪಿಸಿದರೂ, ನಿಗೋದದಂತೆಯೇ ಬ್ಯಾಕ್ಟೀರಿಯಗಳೂ ಬಹುಕಾಲ ಸಸ್ಯಗಳ ಸಾಲಿನಲ್ಲಿಯೇ ಉಳಿದವು. 1977ರಲ್ಲಿ ವೋಸ್ ಮತ್ತು ಫಾಕ್ಸ್ ರೈಬೋಸೋಮಿನ ಆರ್‌ಎನ್‌ಎಯನ್ನು ಹೋಲಿಸಿ, ಬ್ಯಾಕ್ಟೀರಿಯಗಳೆಂದು ತಿಳಿದಿದ್ದವುಗಳಲ್ಲಿಯೇ ಆರ್ಕಿಯ ಎಂಬ ಬೇರೆ ಕುಲವನ್ನು ಗುರುತಿಸಿದರು. ಅಲ್ಲಿ ಆಧಾರ ವಂಶಸಂಬಂಧ. ಇಲ್ಲಿ ಇಂದ್ರಿಯ ಮತ್ತು ಕರ್ಮ. ಅಲ್ಲಿಯ ಗುರಿ ಉತ್ಪತ್ತಿಯನ್ನು ತಿಳಿಯುವುದು. ಇಲ್ಲಿಯದು ಹಿಂಸೆಯಿಂದ ದೂರವಿರುವುದು. ಕಂದಮೂಲಗಳ ತ್ಯಾಗಕ್ಕೆ ಮೂಲ ಈ ನಿಗೋದವಿಚಾರವೇ.

ಕನ್ನಡ ವಿದ್ಯಾರ್ಥಿಗೆ ನಿಜವಾದ ಅಭಿಮಾನದ ಸಂಗತಿ ಬೇರೆಯೇ ಇದೆ. ‘ಜೀವತತ್ತ್ವಪ್ರದೀಪಿಕಾ’ ಎಂಬ ಸಂಸ್ಕೃತ ಟೀಕೆ ಕೇಶವವರ್ಣಿಯದೆಂದೇ ಬಹುಕಾಲ ನಂಬಲಾಗಿತ್ತು. ಅದು ನೇಮಿಚಂದ್ರನೆಂಬ ಹೆಸರಿನ ಮತ್ತೊಬ್ಬನದೆಂದೂ, ಕನ್ನಡ ವೃತ್ತಿಯನ್ನು ಅನುಸರಿಸಿ ಹುಟ್ಟಿದುದೆಂದೂ ಆ.ನೇ. ಉಪಾಧ್ಯೆಯವರು ತೋರಿಸಿಕೊಟ್ಟರು. ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲನು ಉತ್ತರದ ದೇಶಭಾಷೆಯಲ್ಲಿ ಗೊಮ್ಮಟಸಾರವನ್ನು ವಿವರಿಸಿದುದು ಆ ಸಂಸ್ಕೃತ ಟೀಕೆಯ ಬೆಂಬಲದಿಂದ.