ಕಾರು ಒಂದೇ, ಲೆಕ್ಕ ಎರಡು

ಸ್ವಂತವಾಗಿ ಎಂಜಿನಿಯರಿಂಗ್ ವೃತ್ತಿ ಮಾಡುವ ನನಗೆ ಕಚೇರಿ ಶಿವಮೊಗ್ಗದಲ್ಲಿ, ಸೈಟುಗಳು ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ. ಸೈಟಿಗೆ ಹೋಗುವ ಕಾರಿನಲ್ಲೇ ನೆಂಟರ ಮದುವೆಗೂ ಹೋಗುತ್ತೇನೆ. ಹಾಗಾಗಿ ಅದರ ಖರ್ಚನ್ನೆಲ್ಲ ವೃತ್ತಿಯ ತಲೆಗೆ ಕಟ್ಟುವಂತಿಲ್ಲ. ಕೆಲಸಕ್ಕೆ ಓಡಿದಷ್ಟು ಪಾಲನ್ನು ಮಾತ್ರ ಆದಾಯದಲ್ಲಿ ಕಳೆಯಬಹುದು.

ಆ ಪಾಲು ತಿಳಿಯಲು ಕಾರಿನಲ್ಲೊಂದು ಪುಸ್ತಕ ಇಟ್ಟಿದ್ದೇನೆ. ದಿನಾಂಕ, ಹೋದ ಊರು, ಕೆಲಸ, ಹೊರಟಾಗಿನ ಮತ್ತು ಮರಳಿದಾಗಿನ ಮೀಟರ್ ರೀಡಿಂಗ್, ಇಷ್ಟನ್ನು ಅಂದೇ ಬರೆಯುತ್ತೇನೆ. ಮಳೆಗಾಲದಲ್ಲಿ ಮಲೆನಾಡಿನ ಸೈಟುಗಳ ಕೆಲಸ ಕುಂಟುತ್ತದೆ, ಓಡಾಟವೂ ಇಳಿಯುತ್ತದೆ. ಬೇಸಿಗೆಯ ಒಂದು ತಿಂಗಳನ್ನು ನೋಡಿ ಇಡೀ ವರ್ಷಕ್ಕೆ ಪಾಲು ಕಟ್ಟಿದರೆ ಲೆಕ್ಕ ನಿಲ್ಲುವುದಿಲ್ಲ.

ಒಂದು ಉದಾಹರಣೆ. ಕಾರಿನ ಬೆಲೆ 8 ಲಕ್ಷ, ಕೆಲಸದ ಪಾಲು ಶೇ 60 ಎಂದುಕೊಳ್ಳಿ. ಪೆಟ್ರೋಲ್, ಸರ್ವಿಸ್, ವಿಮೆ, ಸಾಲದ ಬಡ್ಡಿ ಸೇರಿ ವರ್ಷಕ್ಕೆ 1.5 ಲಕ್ಷವಾದರೆ ಅದರಲ್ಲಿ 90,000 ರೂಪಾಯಿ ಕಳೆಯಬಹುದು. ಸವಕಳಿ ಶೇ 15ರಂತೆ 1.2 ಲಕ್ಷ, ಅದರ ಪಾಲು 72,000. ಒಟ್ಟು 1.62 ಲಕ್ಷ. ಕೊಂಡ ವರ್ಷ ಕಾರು 180 ದಿನಕ್ಕಿಂತ ಕಡಿಮೆ ಬಳಕೆಯಾಗಿದ್ದರೆ ಸವಕಳಿ ಅರ್ಧ ಮಾತ್ರ. ಕಂತಿನಲ್ಲಿರುವ ಅಸಲು ಖರ್ಚಲ್ಲ. ಗ್ಯಾರೇಜಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚೂ ಕೈತಪ್ಪುತ್ತದೆ.

ಎಲ್ಲರಿಗೂ ಈ ದಾರಿ ಬೇಕಿಲ್ಲ. 44ಎಡಿಎ ಎಂದೇ ಹೆಸರಾದ ಅಂದಾಜು ಪದ್ಧತಿಯಲ್ಲಿ ವೈದ್ಯರು, ವಕೀಲರು, ಎಂಜಿನಿಯರುಗಳು ಗಳಿಕೆಯ ಅರ್ಧವನ್ನು ಆದಾಯವೆಂದು ತೋರಿಸಿದರೆ ಸಾಕು. ಕಾರಿನ ಖರ್ಚು ಉಳಿದರ್ಧದಲ್ಲೇ ಸೇರಿಹೋಗಿರುತ್ತದೆ, ಮತ್ತೆ ಕಳೆಯುವಂತಿಲ್ಲ. ನಿಮ್ಮ ನಿಜವಾದ ಖರ್ಚೆಲ್ಲ ಸೇರಿದರೂ ಗಳಿಕೆಯ ಅರ್ಧ ಮುಟ್ಟದಿದ್ದರೆ ಅಂದಾಜು ಪದ್ಧತಿಯೇ ಲಾಭ. ಅರ್ಧ ದಾಟಿದರೆ ಲೆಕ್ಕಪುಸ್ತಕ, ಆಡಿಟ್ ಎರಡಕ್ಕೂ ಸಿದ್ಧರಾಗಬೇಕು.

ಸಂಬಳದಾರರು ಮನೆಯಿಂದ ಕಚೇರಿಗೆ ಹೋಗುವ ಪೆಟ್ರೋಲನ್ನು ಬೇರೆಯಾಗಿ ಕಳೆಯಲಾಗದು. ಹೊಸ ತೆರಿಗೆ ಪದ್ಧತಿಯ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್‌ನಲ್ಲೇ ತೃಪ್ತರಾಗಬೇಕು. ಕಚೇರಿಯ ಕೆಲಸಕ್ಕೆ ಸ್ವಂತ ಗಾಡಿ ಓಡಿಸುವವರು ಆ ಖರ್ಚನ್ನು ಕಂಪನಿಯಿಂದಲೇ ಕೇಳಿ ಪಡೆಯುವುದು ಒಳ್ಳೆಯದು.

ತೆರಿಗೆ ಉಳಿಯುತ್ತದೆಂದು ಕಾರು ಕೊಳ್ಳಲು ಹೊರಟವರಿಗೆ ಒಂದು ಮಾತು: ಮೇಲಿನ 1.62 ಲಕ್ಷಕ್ಕೆ ಶೇ 20ರ ಹಂತದಲ್ಲಿ ಉಳಿಯುವ ತೆರಿಗೆ ಸುಮಾರು 32,000 ರೂಪಾಯಿ. ಮಿಕ್ಕಿದ್ದು ನಿಮ್ಮ ಜೇಬಿನದೇ. ಕೆಲಸಕ್ಕೆ ಬೇಕಿದ್ದರೆ ಮಾತ್ರ ಕಾರು ಕೊಳ್ಳಿ.