ಡಿಕ್ಕಿ ಖಾಲಿ ಇರಲಿ, ಸಬ್‌ವೂಫರ್ ಸೀಟಿನಡಿ ಇರಲಿ

ಹೆಚ್ಚಿನ ಸಿಎನ್‌ಜಿ ಕಾರುಗಳಲ್ಲಿ ಡಿಕ್ಕಿಯ ಬಹುಪಾಲು ಆಗಲೇ ಸಿಲಿಂಡರಿನ ಪಾಲು. ಉಳಿದ ಜಾಗಕ್ಕೆ 12 ಇಂಚಿನ ಸಬ್‌ವೂಫರ್ ಬಾಕ್ಸ್ ತುರುಕುತ್ತೇವೆ ಎನ್ನುವ ಅಂಗಡಿಯವರಿಗೆ ಕೈಮುಗಿದು ಬನ್ನಿ. ನಿಮಗೆ ಬೇಕಿರುವುದು ಮುಂದಿನ ಸೀಟಿನಡಿ ಕೂರುವ ಆ್ಯಕ್ಟಿವ್ ಸಬ್‌ವೂಫರ್. ಆಂಪ್ಲಿಫೈಯರ್ ಅದರೊಳಗೇ ಇರುತ್ತದೆ. ಹೆಚ್ಚಿನವಕ್ಕೆ 8 ಇಂಚಿನ ಸ್ಪೀಕರ್, 7–8 ಸೆಂ.ಮೀ. ದಪ್ಪ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿನದೆಂದು ಕಿವಿಗೆ ಸುಲಭವಾಗಿ ತಿಳಿಯದು, ಹಾಗಾಗಿ ಜಾಗ ಬದಲಾದರೂ ಚಿಂತೆಯಿಲ್ಲ. ಎದೆ ನಡುಗಿಸುವ ಹೊಡೆತ ಮಾತ್ರ ಇದರಿಂದ ಬರದು. ತಬಲದ ಎಡಗೈ ತುಂಬಿಕೊಂಡು ಕೇಳುತ್ತದೆ, ಅಷ್ಟು ಸಾಕಲ್ಲವೇ?

ಕೊಳ್ಳುವ ಮೊದಲು ಸೀಟನ್ನು ಪೂರ್ತಿ ಇಳಿಸಿ, ಹಿಂದೆ ಮುಂದೆ ಸರಿಸಿ ಟೇಪು ಹಿಡಿಯಿರಿ. ಕೆಲವು ಕಾರುಗಳಲ್ಲಿ ಹಿಂದಿನವರಿಗೆ ಎಸಿ ಗಾಳಿ ಕೊಡುವ ಕೊಳವೆ ಅಲ್ಲೇ ಹಾದುಹೋಗಿರುತ್ತದೆ. ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ.

ಕೆಲಸ ಕೆಡುವುದು ವೈರಿಂಗ್‌ನಲ್ಲಿ. ಪವರ್ ವೈರ್ ನೇರವಾಗಿ ಬ್ಯಾಟರಿಯಿಂದ ಬರಬೇಕು, ಫ್ಯೂಸ್ ಬ್ಯಾಟರಿಯಿಂದ 45 ಸೆಂ.ಮೀ. ಒಳಗಿರಬೇಕು. ಸಬ್‌ವೂಫರ್ ಹತ್ತಿರ ಮಾತ್ರ ಫ್ಯೂಸ್ ಹಾಕಿದರೆ, ನಡುವೆ ವೈರ್ ಉಜ್ಜಿ ಕಾರಿನ ಲೋಹದ ಮೈಗೆ ತಗುಲಿದಾಗ ಅದರಿಂದ ರಕ್ಷಣೆಯಿಲ್ಲ. ಅರ್ಥಿಂಗ್ ವೈರನ್ನು ಬಣ್ಣ ಕೆರೆದ ಲೋಹಕ್ಕೆ ಬಿಗಿಯಿರಿ. ಕಂಪನಿ ಸ್ಟೀರಿಯೊ ಉಳಿಸಿಕೊಳ್ಳುವುದಾದರೆ ಸ್ಪೀಕರ್ ವೈರಿನಿಂದಲೇ ಸಿಗ್ನಲ್ ಪಡೆಯುವ ಹೈ-ಲೆವೆಲ್ ಇನ್‌ಪುಟ್ ಇರುವ ಮಾದರಿಯನ್ನೇ ಕೇಳಿ. ಮಳೆಗಾಲದಲ್ಲಿ ಒದ್ದೆ ಮ್ಯಾಟಿನ ನೀರು ಸೀಟಿನಡಿಗೆ ಹರಿಯದಂತೆ ನೋಡಿಕೊಳ್ಳಿ.