ತಿದ್ದುಪಡಿ ವಿಫಲವಾದಾಗ ದಾಖಲೆಯ ಧರ್ಮ

ಓಲೆಯ ಪ್ರತಿಯನ್ನು ತಿದ್ದುವ ಲಿಪಿಕಾರನು, ತಿದ್ದಬೇಕಾದ ಅಕ್ಷರವು ಅಲ್ಲಿ ನಿಜವಾಗಿಯೂ ಇದೆಯೇ ಎಂದು ನೋಡಿದ ಬಳಿಕವೇ ಕಂಟವನ್ನು ಊರುತ್ತಾನೆ. ಗಣಕಯಂತ್ರದಲ್ಲಿಯೂ ಈ ಎಚ್ಚರ ಎಷ್ಟು ಅಗತ್ಯವೆಂಬುದಕ್ಕೆ ಲಿನಕ್ಸ್ ಕರ್ನೆಲ್‌ನ ‘ಎಫ್‌ಟ್ರೇಸ್’ ಉತ್ತಮ ನಿದರ್ಶನವಾಗಿದೆ.

ಕರ್ನೆಲ್ ಎಂಬುದು ಯಂತ್ರದ ಸಮಸ್ತ ವ್ಯವಹಾರಗಳನ್ನೂ ನಿಯಂತ್ರಿಸುವ ಮೂಲ ತಂತ್ರಾಂಶ. ಅದರೊಳಗಿನ ಸಹಸ್ರಾರು ಫಂಕ್ಷನ್‌ಗಳಲ್ಲಿ ಯಾವುದು ಯಾವಾಗ ನಡೆಯಿತೆಂಬ ಜಾಡನ್ನು ಹಿಡಿಯುವುದೇ ಎಫ್‌ಟ್ರೇಸ್‌ನ ಕಾರ್ಯ. ಸ್ಟೀವನ್ ರೋಸ್ಟೆಡ್ಟ್ ಅವರು ರಚಿಸಿದ ಈ ವ್ಯವಸ್ಥೆ 2008ರ ಅಕ್ಟೋಬರಿನಲ್ಲಿ ಹೊರಬಂದ 2.6.27ನೆಯ ಆವೃತ್ತಿಯಲ್ಲಿ ಸೇರಿತು. ಫಂಕ್ಷನ್ನಿನ ಆರಂಭದಲ್ಲಿ ಕಿರಿದಾದ ಸ್ಥಳವೊಂದನ್ನು ಮೀಸಲಿಡಲಾಗುತ್ತದೆ. ಎಕ್ಸ್-86 ವರ್ಗದ ಯಂತ್ರಗಳಲ್ಲಿ ಅದರ ಅಳತೆ 5 ಬೈಟು. ಜಾಡು ಬೇಡವಾದಾಗ ಅಲ್ಲಿ ಏನನ್ನೂ ಮಾಡದ ಆದೇಶವಿರುತ್ತದೆ. ಬೇಕಾದಾಗ ಅದರ ಬದಲು ಜಾಡುಗಾರನನ್ನು ಕರೆಯುವ ಆದೇಶವನ್ನು ಬರೆಯಲಾಗುತ್ತದೆ. ಯಂತ್ರವು ಓಡುತ್ತಿರುವಾಗಲೇ ನಡೆಯುವ ಕೆಲಸವಿದು. ಯಾವ ಸ್ಥಳದಲ್ಲಿ ಯಾವ ಆದೇಶವಿದೆಯೆಂಬುದನ್ನು ಪ್ರತ್ಯೇಕ ದಾಖಲೆಯೊಂದು ಹೇಳುತ್ತದೆ.

ದಾಖಲೆಗೂ ವಸ್ತುಸ್ಥಿತಿಗೂ ಹೊಂದಿಕೆ ತಪ್ಪಿದರೆ ಆಗುವ ಅನರ್ಥವು 2008ರಲ್ಲಿಯೇ ಕಂಡಿತು. 2.6.27ರ ಪರೀಕ್ಷಾರ್ಥ ಆವೃತ್ತಿಗಳನ್ನು ಬಳಸಿದವರ ಇಂಟೆಲ್ ಜಾಲಪತ್ರಗಳು ಕೆಟ್ಟವು. ದಾಖಲೆಯಲ್ಲಿದ್ದ ಕೆಲವು ವಿಳಾಸಗಳಿಂದ ಮೊದಲಿನ ಆದೇಶಗಳು ತೆರವಾಗಿ, ಅದೇ ವಿಳಾಸಗಳು ಜಾಲಪತ್ರದ ಸ್ಮೃತಿಗೆ ಸಂದಿದ್ದವು. ಹಳೆಯ ದಾಖಲೆಯನ್ನೇ ನಂಬಿ ನಡೆಸಿದ ತಿದ್ದುಪಡಿಯು ಪತ್ರದ ಶಾಶ್ವತ ಸ್ಮೃತಿಯನ್ನೇ ಕೆಡಿಸಿತು. ಕೂಡಲೇ ಬಂದ 2.6.27.1ರಲ್ಲಿ ಓಡುತ್ತಿರುವಾಗ ತಿದ್ದುವ ಸೌಲಭ್ಯವನ್ನು ನಿಲ್ಲಿಸಲಾಯಿತು. ಮುಂದೆ ಅದು ಸುಧಾರಿತ ರೂಪದಲ್ಲಿ ಮರಳಿತು.

ಈಗ ಅನುಸರಿಸುವ ಕ್ರಮ ಹೀಗಿದೆ. ಎಕ್ಸ್-86 ಯಂತ್ರಗಳಲ್ಲಿ, ಬದಲಿಸಬೇಕಾದ ಎಲ್ಲ ಸ್ಥಳಗಳನ್ನೂ ಮೊದಲು ಓದಿ, ನಿರೀಕ್ಷಿತ ಬೈಟುಗಳೇ ಅಲ್ಲಿವೆಯೇ ಎಂದು ಹೋಲಿಸಲಾಗುತ್ತದೆ. ಒಂದು ಸ್ಥಳ ಹೊಂದದಿದ್ದರೂ ಬರವಣಿಗೆಗೆ ಕೈಹಾಕುವುದಿಲ್ಲ, ದಾಖಲೆಯನ್ನೂ ಬದಲಿಸುವುದಿಲ್ಲ. ಆಗ ಎರಡೂ ಹಿಂದಿದ್ದಂತೆಯೇ ಉಳಿಯುತ್ತವೆ. ಜೊತೆಗೆ, ದೋಷ ಕಂಡ ಸ್ಥಳವನ್ನೂ ಅಲ್ಲಿದ್ದ ಬೈಟುಗಳನ್ನೂ ಎಚ್ಚರಿಕೆಯಾಗಿ ಪ್ರಕಟಿಸಿ, ಎಫ್‌ಟ್ರೇಸ್ ತನ್ನನ್ನು ತಾನೇ ಸ್ಥಗಿತಗೊಳಿಸಿಕೊಳ್ಳುತ್ತದೆ. ಯಂತ್ರವನ್ನು ಪುನಃ ಆರಂಭಿಸುವವರೆಗೆ ಜಾಡು ಹಿಡಿಯುವ ಕೆಲಸ ನಡೆಯದು.

ಒಂದು ಸ್ಥಳದ ದೋಷಕ್ಕಾಗಿ ಇಡೀ ವ್ಯವಸ್ಥೆಯನ್ನು ನಿಲ್ಲಿಸುವುದು ಅತಿಯಲ್ಲವೇ ಎಂದು ಕೇಳಬಹುದು. ಅತಿಯಲ್ಲ. ಮುಂದಿನ ಪ್ರತಿಯೊಂದು ತಿದ್ದುಪಡಿಯೂ ಆ ದಾಖಲೆಯನ್ನೇ ಆಧರಿಸಬೇಕಾಗಿದೆ. ಆಧಾರವೇ ಸಂದಿಗ್ಧವಾದ ಮೇಲೆ ಮುಂದುವರಿದರೆ ದೋಷವು ಹರಡುತ್ತದೆ. ಜಾಡು ತಪ್ಪಿದರೆ ತಿಳಿವಳಿಕೆಯೊಂದು ನಷ್ಟ. ಸುಳ್ಳು ದಾಖಲೆಯನ್ನು ನಂಬಿದರೆ ಯಂತ್ರವೇ ನಷ್ಟ. ಆಗದ ಕೆಲಸವನ್ನು ಆಯಿತೆಂದು ಬರೆದಿಡದಿರುವುದು ಲಿಪಿಕಾರನಿಗೆ ಹೇಗೋ ಯಂತ್ರಕ್ಕೂ ಹಾಗೆಯೇ ಮೊದಲ ನಿಯಮವಾಗಿದೆ.